ಖಂಡ ಗಟ್ಟಿಯಾದ ಕಾಲ, ಅದಿರು ಕೂಡಿದ ಕಾಲ

ಕರ್ನಾಟಕದ ಭೂವೈಜ್ಞಾನಿಕ ನಕ್ಷೆಯನ್ನು ಹರಡಿಕೊಂಡು ಕೂತರೆ ಮೊದಲು ಕಣ್ಣು ತುಂಬುವುದು ಗುಲಾಬಿ ಬಣ್ಣ. ರಾಜ್ಯದ ಬಹುಭಾಗವನ್ನು ಆವರಿಸಿರುವ ನೈಸ್ ಮತ್ತು ಗ್ರಾನೈಟ್ ಶಿಲೆಗಳ ಗುರುತು ಅದು. ಅದರ ನಡುವೆ ಉತ್ತರ–ದಕ್ಷಿಣವಾಗಿ ಹಾದುಹೋಗಿರುವ ಕೆಲವು ಹಸಿರು ಪಟ್ಟಿಗಳಿವೆ. ಗದಗದಿಂದ ಹೊರಟು ಚಿತ್ರದುರ್ಗವನ್ನು ಹಾಯ್ದು ಶ್ರೀರಂಗಪಟ್ಟಣದವರೆಗೆ ಇಳಿಯುವ ಪಟ್ಟಿ ಒಂದು. ಬಾಬಾಬುಡನ್, ಸಂಡೂರು, ಹಟ್ಟಿ, ಕೋಲಾರ, ನುಗ್ಗೇಹಳ್ಳಿಯವು ಇನ್ನು ಕೆಲವು. 1880ರ ದಶಕದಲ್ಲಿ ಈ ಶಿಲೆಗಳನ್ನು ಸುತ್ತಲಿನ ನೈಸ್‌ನಿಂದ ಬೇರೆಯಾಗಿ ಗುರುತಿಸಿ ಅವುಗಳಿಗೆ ಧಾರವಾಡದ ಹೆಸರಿಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಇಂದು ಇವನ್ನು ಶಿಸ್ಟ್ ಪಟ್ಟಿಗಳೆಂದೂ, ಇವೆಲ್ಲವನ್ನು ಹೊತ್ತ ಪುರಾತನ ಭೂಖಂಡವನ್ನು ಧಾರವಾಡ ಕ್ರೇಟಾನ್ ಎಂದೂ ಕರೆಯುತ್ತೇವೆ.

ಈಗ ಅದೇ ನಕ್ಷೆಯ ಮೇಲೆ ಗಣಿಗಳನ್ನು ಗುರುತಿಸುತ್ತ ಹೋಗಿ. ಕೋಲಾರ, ಹಟ್ಟಿ, ಗದಗದ ಚಿನ್ನ. ಸಂಡೂರು, ಕೆಮ್ಮಣ್ಣುಗುಂಡಿ, ಕುದುರೆಮುಖದ ಕಬ್ಬಿಣ. ಸಂಡೂರು, ಕುಮ್ಸಿಯ ಮ್ಯಾಂಗನೀಸ್. ಚಿತ್ರದುರ್ಗದ ಬಳಿಯ ಇಂಗಳದಾಳದ ತಾಮ್ರ. ಹಾಸನ ಜಿಲ್ಲೆಯ ಬೈರಾಪುರದ ಕ್ರೋಮೈಟ್. ಎಲ್ಲ ಗುರುತುಗಳೂ ಹಸಿರು ಪಟ್ಟಿಗಳ ಮೇಲೆಯೇ ಬೀಳುತ್ತವೆ. ಗುಲಾಬಿ ಬಣ್ಣದ ವಿಸ್ತಾರ ಹೆಚ್ಚುಕಡಿಮೆ ಖಾಲಿಯಾಗಿ ಉಳಿಯುತ್ತದೆ.

ಇದು ಕಾಕತಾಳೀಯವಲ್ಲ. ಒಂದು ಖಂಡ ಹೇಗೆ ಹುಟ್ಟಿತು, ಹೇಗೆ ಬಲಿಯಿತು, ಯಾವಾಗ ಗಟ್ಟಿಯಾಯಿತು ಎಂಬ ಚರಿತ್ರೆಯೇ ಈ ಅದಿರುಗಳಲ್ಲಿ ಅಡಗಿದೆ. ಒಂದೊಂದು ಲೋಹಕ್ಕೂ ಅದರದೇ ಆದ ಕಾಲವಿತ್ತು. ಆ ಕಾಲದ ಭೂಮಿ ಬೇರೆ, ಕಡಲು ಬೇರೆ, ಗಾಳಿ ಬೇರೆ. ಆ ಕಾಲ ಕಳೆದ ಮೇಲೆ ಅಂಥ ಅದಿರು ಇಲ್ಲಿ ಮತ್ತೆ ಆ ಪ್ರಮಾಣದಲ್ಲಿ ಕೂಡಿಬರಲಿಲ್ಲ.

ಚದುರಿದ್ದು ಒಂದೆಡೆ ಸೇರಬೇಕು

ಯಾವ ಕಲ್ಲನ್ನು ಪುಡಿಮಾಡಿದರೂ ಅದರಲ್ಲಿ ಬಹುತೇಕ ಎಲ್ಲ ಲೋಹಗಳೂ ಸಿಗುತ್ತವೆ. ಆದರೆ ಸಿಗುವ ಪ್ರಮಾಣ ಅತ್ಯಲ್ಪ. ಸಾಮಾನ್ಯವಾದ ಒಂದು ಟನ್ ಕಲ್ಲಿನಲ್ಲಿರುವ ಚಿನ್ನ ಕೆಲವೇ ಮಿಲಿಗ್ರಾಂ. ಅದನ್ನು ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಗಣಿ ತೋಡಬೇಕಾದರೆ ಟನ್ನಿಗೆ ಕೆಲವು ಗ್ರಾಮಾದರೂ ಇರಬೇಕು. ಅಂದರೆ ಪ್ರಕೃತಿಯೇ ಮೊದಲು ಚಿನ್ನವನ್ನು ಸಾವಿರ ಪಟ್ಟು ಸಾಂದ್ರಗೊಳಿಸಿರಬೇಕು. ಕಬ್ಬಿಣದ ಲೆಕ್ಕ ಇಷ್ಟು ಕಠಿಣವಲ್ಲ. ಭೂತೊಗಟೆಯಲ್ಲಿ ಅದರ ಪಾಲು ಸುಮಾರು ಶೇ 5. ಒಳ್ಳೆಯ ಅದಿರಿನಲ್ಲಿ ಶೇ 60ಕ್ಕೂ ಹೆಚ್ಚು. ಹನ್ನೆರಡು ಪಟ್ಟು ಸಾಂದ್ರವಾದರೆ ಸಾಕು.

ಹೀಗೆ ಸಾಂದ್ರವಾಗಲು ನಾಲ್ಕು ಸಂಗತಿ ಕೂಡಿಬರಬೇಕು. ಲೋಹ ಬಿಟ್ಟುಕೊಡುವ ಒಂದು ಮೂಲ, ಅದನ್ನು ಹೊತ್ತು ತರುವ ದ್ರವ ಇಲ್ಲವೇ ಶಿಲಾರಸ, ಆ ದ್ರವ ಹರಿಯಲು ಒಂದು ದಾರಿ, ಕೊನೆಗೆ ಹೊತ್ತದ್ದನ್ನು ಇಳಿಸುವಂಥ ಒಂದು ತಾಣ. ಇವುಗಳಲ್ಲಿ ಒಂದು ತಪ್ಪಿದರೂ ಅದಿರಿಲ್ಲ. ಗಣಿಗಳು ಅಪರೂಪವಾಗಿರುವುದಕ್ಕೆ ಇದೇ ಕಾರಣ.

ವಯಸ್ಸು ಹೇಳುವ ಹರಳು

ಅದಿರು ಹೇಗಾಯಿತು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಯಾವಾಗ ಆಯಿತು ಎಂಬುದು ಮೊದಲು ತಿಳಿಯಬೇಕು. ಇದನ್ನು ಹೇಳುವ ಸಾಕ್ಷಿ ಜಿರ್ಕಾನ್ ಎಂಬ ಪುಟ್ಟ ಹರಳು. ಗ್ರಾನೈಟ್ ತುಂಡೊಂದನ್ನು ಪುಡಿಮಾಡಿ, ತೊಳೆದು, ಭಾರದ ಕಣಗಳನ್ನು ಬೇರ್ಪಡಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಉದ್ದದ, ತುದಿ ಚೂಪಾದ, ನಸುಗಂದು ಬಣ್ಣದ ಹರಳುಗಳು ಕಾಣುತ್ತವೆ. ಶಿಲಾರಸದಲ್ಲಿ ಜಿರ್ಕಾನ್ ಬೆಳೆಯುವಾಗ ಯುರೇನಿಯಂ ಪರಮಾಣುಗಳಿಗೆ ತನ್ನೊಳಗೆ ಜಾಗ ಕೊಡುತ್ತದೆ, ಸೀಸವನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಇಂದು ಆ ಹರಳಿನಲ್ಲಿ ಸೀಸ ಇದ್ದರೆ ಅದು ಯುರೇನಿಯಂ ಕ್ಷಯಿಸಿ ಹುಟ್ಟಿದ ಸೀಸ. ಯುರೇನಿಯಂ-238ರ ಅರ್ಧಾಯುಷ್ಯ 447 ಕೋಟಿ ವರ್ಷ, ಯುರೇನಿಯಂ-235ರದು ಸುಮಾರು 70 ಕೋಟಿ ವರ್ಷ. ಎರಡೂ ಒಂದೇ ಹರಳಿನಲ್ಲಿದ್ದು ಬೇರೆ ಬೇರೆ ಸೀಸವಾಗಿ ಮಾರ್ಪಡುವುದರಿಂದ ಒಂದರ ಲೆಕ್ಕವನ್ನು ಇನ್ನೊಂದರಿಂದ ತಾಳೆ ನೋಡಬಹುದು.

ಎಷ್ಟೋ ಹರಳುಗಳ ಒಳಗೆ ಹಳೆಯ ತಿರುಳು, ಹೊರಗೆ ಆಮೇಲೆ ಬೆಳೆದ ಅಂಚು ಇರುತ್ತವೆ. ಅಯಾನು ಕಿರಣವನ್ನು ಕೂದಲೆಳೆಗಿಂತ ಕಿರಿದಾದ ಚುಕ್ಕೆಯ ಮೇಲೆ ಹಾಯಿಸಿ ತಿರುಳಿನ ವಯಸ್ಸನ್ನೂ ಅಂಚಿನ ವಯಸ್ಸನ್ನೂ ಬೇರೆ ಬೇರೆಯಾಗಿ ಅಳೆಯುವ ಯಂತ್ರಗಳು ಬಂದ ಮೇಲೆ ಪುರಾತನ ಖಂಡಗಳ ಚರಿತ್ರೆ ಎಷ್ಟೋ ಸ್ಪಷ್ಟವಾಯಿತು. ಚಿನ್ನಕ್ಕಾಗಲಿ ಕಬ್ಬಿಣಕ್ಕಾಗಲಿ ನೇರವಾಗಿ ವಯಸ್ಸು ಕಟ್ಟುವುದು ಕಷ್ಟ. ಅದಕ್ಕೇ ಕಬ್ಬಿಣದ ಪದರದ ಕೆಳಗೂ ಮೇಲೂ ಇರುವ ಜ್ವಾಲಾಮುಖಿ ಶಿಲೆಗಳ ವಯಸ್ಸು ನೋಡುತ್ತಾರೆ. ಚಿನ್ನದ ವಿಷಯದಲ್ಲಿ, ಚಿನ್ನ ತಂದ ಬಿಸಿದ್ರವದಿಂದಲೇ ಬೆಳೆದ ಮೊನಜೈಟ್, ಜೆನೋಟೈಮ್‌ನಂಥ ಹರಳುಗಳನ್ನು ಹುಡುಕಿ ಅಳೆಯುತ್ತಾರೆ.

ಕುದಿಯುವ ಬುನಾದಿ: ಕ್ರೋಮೈಟ್

ಹಾಸನದ ಗೊರೂರಿನ ಸುತ್ತಲಿನ ನೈಸ್‌ಗಳು ಸುಮಾರು 330ರಿಂದ 340 ಕೋಟಿ ವರ್ಷ ಹಳೆಯವು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಅವಕ್ಕಿಂತ ಕಿರಿಯದು, ಸುಮಾರು 300 ಕೋಟಿ ವರ್ಷದ್ದು. ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ ಹೆಸರಿಸಿದ ಪೆನಿನ್ಸುಲರ್ ನೈಸ್‌ಗೆ ಅದೇ ಮಾದರಿ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಅದನ್ನು ಕಾಪಾಡಲಾಗಿದೆ. ಖಂಡದ ಮೊದಲ ತುಣುಕುಗಳು ರೂಪುಗೊಳ್ಳುತ್ತಿದ್ದ ಆ ಕಾಲದಲ್ಲಿ ಭೂಮಿಯ ಒಡಲು ಇಂದಿಗಿಂತ ಬಹಳ ಬಿಸಿಯಾಗಿತ್ತು. ಹವಾಯಿಯ ಜ್ವಾಲಾಮುಖಿಗಳಿಂದ ಇಂದು ಉಕ್ಕುವ ಲಾವಾದ ತಾಪ ಸುಮಾರು 1,200 ಡಿಗ್ರಿ ಸೆಲ್ಸಿಯಸ್. ಅಂದು 1,600 ಡಿಗ್ರಿ ಮುಟ್ಟುವ, ಮೆಗ್ನೀಸಿಯಂ ತುಂಬಿದ ಕೊಮಾಟಿಯೈಟ್ ಎಂಬ ಲಾವಾ ಹರಿಯುತ್ತಿತ್ತು. ಅದರ ಕುರುಹುಗಳು ಹಾಸನ, ಮೈಸೂರು ಸೀಮೆಯ ಸರಗೂರು ಶಿಲಾಸಮೂಹದಲ್ಲಿ ಉಳಿದಿವೆ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಪಟ್ಟಿಯ ಕ್ರೋಮೈಟ್ ಇಂಥ ಶಿಲಾರಸದ ಕೊಡುಗೆ. ನೆಲದಡಿ ನುಗ್ಗಿ ನಿಂತ ಶಿಲಾರಸ ನಿಧಾನವಾಗಿ ತಣಿಯುವಾಗ ಮೊದಲು ಹರಳುಗಟ್ಟಿದ ಖನಿಜಗಳಲ್ಲಿ ಕ್ರೋಮೈಟ್ ಒಂದು. ಅದು ಭಾರವಾದ ಖನಿಜ. ದ್ರವದಲ್ಲಿ ತಳಕ್ಕಿಳಿದು ಪದರವಾಗಿ ಕೂತಿತು. ಅಂಥದೇ ಶಿಲಾರಸ ಇನ್ನಷ್ಟು ತಣಿದು ಕೊನೆಯ ಘಟ್ಟ ತಲುಪಿದಾಗ ಟೈಟಾನಿಯಂ, ವೆನೇಡಿಯಂ ಬೆರೆತ ಮ್ಯಾಗ್ನಟೈಟ್ ಸಿಕ್ಕಿತು. ಇಲ್ಲಿ ಲೋಹ ಹೊತ್ತು ತಂದದ್ದು ಶಿಲಾರಸ, ಸಾಂದ್ರಗೊಳಿಸಿದ್ದು ಭಾರ. ಇದಕ್ಕೆಲ್ಲ ಮೂಲವಾದ ಬಿಸಿ ಮಾತ್ರ ತೊಗಟೆಯಡಿ ಇದ್ದ ಆ ಕಾಲದ ಮ್ಯಾಂಟಲ್‌ನದು.

ಕಡಲಲ್ಲಿ ಕರಗಿದ್ದ ಕಬ್ಬಿಣ

ಸುಮಾರು 290 ಕೋಟಿ ವರ್ಷಗಳ ಹಿಂದೆ, ಗಟ್ಟಿಯಾಗುತ್ತಿದ್ದ ಈ ನೈಸ್ ಬುನಾದಿ ಬಿರಿದು ಅಲ್ಲಲ್ಲಿ ತಗ್ಗಿತು. ತಗ್ಗುಗಳಿಗೆ ಹೊಳೆಗಳು ಉರುಟುಕಲ್ಲು ತಂದು ಸುರಿದವು, ಲಾವಾ ಹರಡಿತು, ಕಡಲು ಒಳನುಗ್ಗಿತು. ಬಾಬಾಬುಡನ್ ಶಿಲೆಗಳ ಕಥೆ ಹೀಗೆ ಶುರುವಾಗುತ್ತದೆ. ಇದರ ತಳದಲ್ಲಿರುವ ಬೆಣಚುಕಲ್ಲಿನ ಉರುಟುಗಳ ನಡುವೆ ಪೈರೈಟ್ ಮತ್ತು ಯುರೇನಿನೈಟ್ ಕಣಗಳು ಸಿಗುತ್ತವೆ. ಈ ಎರಡು ಖನಿಜಗಳನ್ನು ಇಂದಿನ ಹೊಳೆಯಲ್ಲಿ ಉರುಳಲು ಬಿಟ್ಟರೆ ಗಾಳಿಯ ಆಮ್ಲಜನಕ ತಾಗಿ ಬೇಗನೆ ಶಿಥಿಲವಾಗಿ ಕರಗಿಹೋಗುತ್ತವೆ. ಅಂದಿನ ಹೊಳೆಗಳಲ್ಲಿ ಅವು ಉರುಟು ಕಣಗಳಾಗಿಯೇ ಉಳಿದು ತಳ ಸೇರಿದವು. ಅಂದಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕಬ್ಬಿಣದ ಅದಿರಿನ ಗುಟ್ಟು ಇಲ್ಲೇ ಇದೆ. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ಸುಲಭವಾಗಿ ಕರಗಿರುತ್ತದೆ. ಕಡಲತಳದ ಬಿಸಿನೀರಿನ ಬುಗ್ಗೆಗಳು ಬಸಾಲ್ಟ್‌ನಿಂದ ಕಬ್ಬಿಣ ಸೆಳೆದು ಕಡಲಿಗೆ ಸೇರಿಸುತ್ತಿದ್ದವು. ಅದು ಎಲ್ಲಿಯೂ ಇಳಿಯದೆ ನೀರಿನಲ್ಲೇ ಉಳಿಯುತ್ತಿತ್ತು. ಆಳ ಕಡಿಮೆಯಿದ್ದ ಕಡಲಂಚಿನಲ್ಲಿ ಬಿಸಿಲುಂಡು ಬದುಕುವ ಸೂಕ್ಷ್ಮಜೀವಿಗಳು ನೆಲೆಸಿದ್ದವು. ಅವು ಹೊರಬಿಟ್ಟ ಆಮ್ಲಜನಕ ತಾಗಿ ಕಬ್ಬಿಣ ತುಕ್ಕಾಗಿ ತಳಕ್ಕಿಳಿಯಿತು. ಆಮ್ಲಜನಕದ ನೆರವಿಲ್ಲದೆ, ಬೆಳಕಿನ ಬಲದಿಂದಲೇ ಕಬ್ಬಿಣವನ್ನು ಉತ್ಕರ್ಷಿಸಬಲ್ಲ ಬ್ಯಾಕ್ಟೀರಿಯಾಗಳೂ ಇವೆ. ಅವುಗಳ ಪಾಲೂ ಇದರಲ್ಲಿ ಇದ್ದೀತು. ಜೀವಿಗಳ ಹಾಸು ಪದರ ಪದರವಾಗಿ ಬೆಳೆದು ಕಲ್ಲಾದ ಸ್ಟ್ರೊಮ್ಯಾಟೊಲೈಟ್‌ಗಳನ್ನು ಸಂಡೂರು, ಕುಮ್ಸಿ, ಭೀಮಸಮುದ್ರದ ಸುಣ್ಣಕಲ್ಲುಗಳಲ್ಲಿ ನೋಡಬಹುದು. ಕರ್ನಾಟಕದ ಅತಿ ಪ್ರಾಚೀನ ಜೀವದ ಗುರುತುಗಳಿವು.

ಬಾಬಾಬುಡನ್ ಬೆಟ್ಟದ ಕಬ್ಬಿಣಕಲ್ಲಿನ ತುಂಡೊಂದನ್ನು ಅಡ್ಡಕ್ಕೆ ಕೊಯ್ದು ನುಣುಪು ಮಾಡಿ ನೋಡಿ. ಲೋಹದ ಹೊಳಪಿರುವ ಕಪ್ಪು ಗೆರೆ, ಅದರ ಮೇಲೆ ಬಿಳಿ ಇಲ್ಲವೇ ಕೆಂಪು ಛಾಯೆಯ ಸಿಲಿಕಾದ ಗೆರೆ, ಮತ್ತೆ ಕಪ್ಪು, ಮತ್ತೆ ಬಿಳಿ. ಕೆಲವು ಗೆರೆಗಳ ದಪ್ಪ ಮಿಲಿಮೀಟರಿಗಿಂತ ಕಡಿಮೆ. ಇನ್ನು ಕೆಲವು ಬೆರಳಿನಷ್ಟು ದಪ್ಪ. ಕಪ್ಪು ಗೆರೆಯ ಬಳಿ ಅಯಸ್ಕಾಂತ ತಂದರೆ ತಟ್ಟನೆ ಅಂಟಿಕೊಳ್ಳುತ್ತದೆ. ಅದು ಮ್ಯಾಗ್ನಟೈಟ್. ಕಡಲು ಒಮ್ಮೆ ಕಬ್ಬಿಣವನ್ನು, ಇನ್ನೊಮ್ಮೆ ಸಿಲಿಕಾವನ್ನು ಇಳಿಸಿದೆ. ಇಂಥ ಲಕ್ಷಾಂತರ ಗೆರೆಗಳು ಒಂದರ ಮೇಲೊಂದು ಕೂತು ಬೆಟ್ಟವಾಗಿವೆ.

ಮ್ಯಾಂಗನೀಸ್ ಕಡಲಿನಿಂದ ಬೇರ್ಪಟ್ಟು ತಳಕ್ಕಿಳಿಯಬೇಕಾದರೆ ಕಬ್ಬಿಣಕ್ಕಿಂತ ಹೆಚ್ಚು ಆಮ್ಲಜನಕ ಬೇಕು. 270ರಿಂದ 260 ಕೋಟಿ ವರ್ಷಗಳ ಹಿಂದಿನ ಸಂಡೂರು ಮತ್ತು ಚಿತ್ರದುರ್ಗ ಪಟ್ಟಿಗಳಲ್ಲಿ ಮ್ಯಾಂಗನೀಸ್ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ ಕುತೂಹಲಕರ. ಜಗತ್ತಿನ ಗಾಳಿಯಲ್ಲಿ ಇನ್ನೂ ಆಮ್ಲಜನಕವಿರಲಿಲ್ಲ. ಆದರೆ ಜೀವಿಗಳ ಹಾಸು ಬೆಳೆದ ಕಡಲಂಚಿನ ನೀರಿನಲ್ಲಿ ಅದು ಅಲ್ಲಲ್ಲಿ ಸುಳಿಯುತ್ತಿತ್ತೆಂದು ಈ ಅದಿರುಗಳು ಸೂಚಿಸುತ್ತವೆ. ಮುಂದೆ, ಸುಮಾರು 240 ಕೋಟಿ ವರ್ಷಗಳ ಹಿಂದೆ ಆಮ್ಲಜನಕ ವಾತಾವರಣದಲ್ಲೇ ತುಂಬಿಕೊಳ್ಳತೊಡಗಿತು. 180 ಕೋಟಿ ವರ್ಷಗಳ ಹೊತ್ತಿಗೆ ಇಂಥ ಬೃಹತ್ ಕಬ್ಬಿಣದ ಗೆರೆಗಲ್ಲುಗಳ ಯುಗವೇ ಮುಗಿಯಿತು. ಉಸಿರಾಡುವ ಗಾಳಿ ಸಿಕ್ಕಿದ ಭೂಮಿ ಕಬ್ಬಿಣವನ್ನು ಕಡಲಲ್ಲಿ ಕರಗಿಸಿಟ್ಟುಕೊಳ್ಳುವ ಶಕ್ತಿ ಕಳೆದುಕೊಂಡಿತು.

ಕಡಲು ಇಳಿಸಿದ ಗೆರೆಗಲ್ಲಿನಲ್ಲಿ ಕಬ್ಬಿಣ ಸಾಮಾನ್ಯವಾಗಿ ಶೇ 25ರಿಂದ 40ರ ಒಳಗಿರುತ್ತದೆ. ಕುದುರೆಮುಖದ ಅದಿರು ಇಂಥದು. ಅದಕ್ಕೇ ಅಲ್ಲಿ ಕಲ್ಲನ್ನು ಅರೆದು, ಮ್ಯಾಗ್ನಟೈಟ್ ಬೇರ್ಪಡಿಸಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸಬೇಕಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಸಂಡೂರಿನ ಅದಿರಿನಲ್ಲಿ ಶೇ 60ಕ್ಕೂ ಮಿಕ್ಕಿ ಕಬ್ಬಿಣವಿರಲು ಇನ್ನೊಂದು ಕಾರಣವಿದೆ. ಬೆಟ್ಟ ಮೇಲೆದ್ದು ಬಿಸಿಲು ಮಳೆಗೆ ಒಡ್ಡಿಕೊಂಡ ಮೇಲೆ, ಇಳಿದ ಮಳೆನೀರು ಸಿಲಿಕಾವನ್ನು ಕೊಂಚಕೊಂಚವಾಗಿ ಕರಗಿಸಿ ಒಯ್ದಿತು. ಕಬ್ಬಿಣ ಹೆಮಟೈಟ್ ಆಗಿ ಅಲ್ಲೇ ಉಳಿಯಿತು. ಸಂಡೂರಿನ ಮ್ಯಾಂಗನೀಸ್ ಖನಿಜವೊಂದರಲ್ಲಿರುವ ಪೊಟ್ಯಾಸಿಯಂ ನೆರವಿನಿಂದ ಈ ಶಿಥಿಲೀಕರಣದ ಕಾಲವನ್ನೂ ಅಳೆದಿದ್ದಾರೆ: ಸುಮಾರು 3.6 ಕೋಟಿಯಿಂದ 2.6 ಕೋಟಿ ವರ್ಷಗಳ ಹಿಂದೆ. ಕಲ್ಲು ಹುಟ್ಟಿದ್ದು 260 ಕೋಟಿ ವರ್ಷಗಳಿಗೂ ಹಿಂದೆ, ಅದು ಉತ್ತಮ ಅದಿರಾದದ್ದು ಭೂಮಿಯ ಲೆಕ್ಕದಲ್ಲಿ ಮೊನ್ನೆ ಮೊನ್ನೆ.

ಚಿನ್ನ ಬಂದ ಗಳಿಗೆ

ಕೋಲಾರ, ಹಟ್ಟಿಯ ಪಟ್ಟಿಗಳು ಬಹುಪಾಲು ಕಡಲಡಿಯ ಬಸಾಲ್ಟ್‌ನಿಂದ ಆದವು. ನೀರಿನಲ್ಲಿ ಉಕ್ಕಿದ ಲಾವಾ ತಟ್ಟನೆ ತಣಿದು ದಿಂಬಿನಾಕಾರಕ್ಕೆ ಬರುತ್ತದೆ. ಚಿತ್ರದುರ್ಗ ಪಟ್ಟಿಯ ಮರಡಿಹಳ್ಳಿಯಲ್ಲಿ ಈ ಆಕಾರ ಎಷ್ಟು ಚೆನ್ನಾಗಿ ಉಳಿದಿದೆಯೆಂದರೆ ಆ ಬಂಡೆಯನ್ನೂ ರಾಷ್ಟ್ರೀಯ ಸ್ಮಾರಕವನ್ನಾಗಿ ಮಾಡಲಾಗಿದೆ. ಅಂಥ ಲಾವಾ ತಳದ ಬಿಸಿನೀರ ಬುಗ್ಗೆಗಳ ಬಳಿ ಗಂಧಕದೊಡನೆ ತಾಮ್ರ ಕೂಡಿತು. ಇಂಗಳದಾಳದ ಅದಿರು ಅದು.

ಕೋಲಾರದ ಬಸಾಲ್ಟ್ ಸುಮಾರು 270 ಕೋಟಿ ವರ್ಷ ಹಳೆಯದು. ಅಲ್ಲಿಯ ಚಿನ್ನ ಬಸಾಲ್ಟ್‌ನ ಜೊತೆಯಲ್ಲೇ ಬಂದದ್ದಲ್ಲ. ಹಟ್ಟಿಯಲ್ಲಿ ಅದಿರಿನೊಡನೆ ಬೆಳೆದ ಮೊನಜೈಟ್ ಹರಳು ತೋರುವ ವಯಸ್ಸು ಸುಮಾರು 255 ಕೋಟಿ ವರ್ಷ. ಗದಗದ ಚಿನ್ನದ ವಯಸ್ಸು ಸುಮಾರು 252 ಕೋಟಿ. ರಾಮನಗರದ ಬೆಟ್ಟಗಳನ್ನು ಒಳಗೊಂಡು ಉತ್ತರ–ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟ್‌ನ ವಯಸ್ಸು ಸುಮಾರು 251 ಕೋಟಿ. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ವಿಷಯ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಡಲತಳಗಳೂ ದ್ವೀಪಮಾಲೆಗಳೂ ಹಳೆಯ ಬುನಾದಿಗೆ ಒತ್ತಿಕೊಂಡು, ತೊಗಟೆ ಮಡಿಚಿ ದಪ್ಪವಾಗಿ, ಆಳದಲ್ಲಿ ಕಾದು ಕರಗಿ ಗ್ರಾನೈಟ್ ಮೇಲೇರಿ, ಖಂಡ ಕೊನೆಗೆ ಗಟ್ಟಿಯಾದ ಕಾಲವದು. ಚಿನ್ನ ಬಂದದ್ದು ಆಗಲೇ.

ಅದು ಬಂದ ಬಗೆ ಹೀಗೆ. ಕಡಲಡಿಯ ಬಸಾಲ್ಟ್ ನೀರು ಹೀರಿಕೊಂಡು ಕ್ಲೋರೈಟ್‌ನಂಥ ಖನಿಜಗಳಾಗಿ ಮಾರ್ಪಟ್ಟಿರುತ್ತದೆ. ಅದು ಹೂತು ಕೆಳಗಿಳಿದು 450ರಿಂದ 550 ಡಿಗ್ರಿಯವರೆಗೆ ಕಾದಾಗ ಆ ಖನಿಜಗಳು ಒಡೆದು ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಗಂಧಕವನ್ನೂ ಬಿಟ್ಟುಕೊಡುತ್ತವೆ. ಬಿಸಿನೀರೊಂದೇ ಇದ್ದರೆ ಚಿನ್ನ ಹೆಚ್ಚು ಕರಗದು. ಗಂಧಕ ಬೆರೆತ ನೀರು ಚಿನ್ನದ ಪರಮಾಣುಗಳನ್ನು ತನ್ನೊಡನೆ ಕಟ್ಟಿಕೊಂಡು ಹೊರಡುತ್ತದೆ. ಘನ ಕಿಲೋಮೀಟರ್‌ಗಟ್ಟಲೆ ಕಲ್ಲಿನಲ್ಲಿ ಚದುರಿದ್ದ ಮಿಲಿಗ್ರಾಂಗಳು ಹೀಗೆ ಒಂದೇ ಪ್ರವಾಹಕ್ಕೆ ಸೇರುತ್ತವೆ.

ಮೇಲೇರುವ ಈ ದ್ರವಕ್ಕೆ ದಾರಿಯಾಗುವುದು ಶಿಸ್ಟ್ ಪಟ್ಟಿಯನ್ನು ಸೀಳಿದ ಸ್ತರಭಂಗಗಳು. ಸ್ತರಭಂಗ ಮುಚ್ಚಿಕೊಂಡಿರುವಷ್ಟು ಕಾಲ ದ್ರವ ಅದರಡಿ ಶೇಖರವಾಗುತ್ತ ಒತ್ತಡ ಏರುತ್ತದೆ. ತಾಳಲಾರದ ಮಟ್ಟಕ್ಕೆ ಬಂದಾಗ ಭೂಮಿ ನಡುಗಿ ಬಿರುಕು ತೆರೆದುಕೊಂಡು ದ್ರವ ನುಗ್ಗುತ್ತದೆ, ಒತ್ತಡ ಒಮ್ಮೆಲೆ ಇಳಿಯುತ್ತದೆ. ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆದಾಗ ಆಗುವಂತೆಯೇ. ಒತ್ತಡ ಇಳಿದ ಕ್ಷಣ ದ್ರವದಲ್ಲಿ ಕರಗಿದ್ದ ಸಿಲಿಕಾ ಬೆಣಚುಕಲ್ಲಾಗಿ ಬಿರುಕನ್ನು ಮುಚ್ಚುತ್ತದೆ, ಚಿನ್ನವೂ ಅದರೊಡನೆ ಇಳಿಯುತ್ತದೆ. ಬಿರುಕು ಮುಚ್ಚಿದ ಮೇಲೆ ಒತ್ತಡ ಮತ್ತೆ ಏರತೊಡಗುತ್ತದೆ. ಚಿನ್ನದ ಬೆಣಚುಕಲ್ಲಿನ ಎಳೆಯಲ್ಲಿ ಬಿಳಿಯ ನಡುವೆ ಗೋಡೆಗೆ ಸಮಾನಾಂತರವಾಗಿ ಕಾಣುವ ತೆಳು ಕಪ್ಪು ಪದರಗಳು ಇದರ ದಾಖಲೆ. ಪ್ರತಿ ಪದರವೂ ಬಿರುಕು ಮತ್ತೆ ತೆರೆದಾಗ ಪಕ್ಕದ ಗೋಡೆಯಿಂದ ಸಿಡಿದ ಚಕ್ಕೆ.

ಚಿನ್ನ ಇಳಿಯಲು ಇನ್ನೊಂದು ಬಗೆಯೂ ಉಂಟು. ದ್ರವ ಕಬ್ಬಿಣ ತುಂಬಿದ ಕಲ್ಲನ್ನು ಮುಟ್ಟಿದರೆ ಅಲ್ಲಿನ ಕಬ್ಬಿಣ ಗಂಧಕವನ್ನು ಕಿತ್ತುಕೊಂಡು ಪೈರೈಟ್, ಪಿರೋಟೈಟ್, ಆರ್ಸೆನೋಪೈರೈಟ್ ಆಗುತ್ತದೆ. ಗಂಧಕದ ಆಸರೆ ತಪ್ಪಿದ ಚಿನ್ನ ಅಲ್ಲೇ ಬೀಳುತ್ತದೆ. ಕೋಲಾರದಲ್ಲಿ ಎರಡೂ ಬಗೆ ಕಾಣುತ್ತವೆ. ಪ್ರಸಿದ್ಧ ಚಾಂಪಿಯನ್ ಲೋಡ್ (ಲೋಡ್ ಎಂದರೆ ಅದಿರಿನ ಎಳೆ) ಬೆಣಚುಕಲ್ಲಿನದು, ಅದರ ಪಶ್ಚಿಮಕ್ಕಿರುವ ಲೋಡ್‌ಗಳು ಗಂಧಕದ ಅದಿರು. ಶಿಸ್ಟ್ ಪಟ್ಟಿಯ ಬಸಾಲ್ಟ್‌ನಲ್ಲಿ ಕಬ್ಬಿಣ ಹೇರಳ, ಗ್ರಾನೈಟ್‌ನಲ್ಲಿ ಅತಿ ಕಡಿಮೆ. ನಕ್ಷೆಯ ಹಸಿರು ಪಟ್ಟಿಯಲ್ಲಿ ಚಿನ್ನ ನಿಂತು ಗುಲಾಬಿ ಬಯಲಿನಲ್ಲಿ ನಿಲ್ಲದಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಕಲ್ಲನ್ನು ಬೆಂಕಿಯಿಂದ ಕಾಯಿಸಿ ಒಡೆದು ಆಳಕ್ಕೆ ಇಳಿದಿದ್ದರು. ಕೋಲಾರದಲ್ಲಿ 1880ರಿಂದ ಜಾನ್ ಟೇಲರ್ ಸಂಸ್ಥೆ ಶುರುಮಾಡಿದ ಆಧುನಿಕ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ಅಷ್ಟರಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ತಾಪ 60 ಡಿಗ್ರಿ ದಾಟುತ್ತಿತ್ತು, ಒತ್ತಡಕ್ಕೆ ಕಲ್ಲು ಸಿಡಿದು ಎಷ್ಟೋ ಕಾರ್ಮಿಕರು ಪ್ರಾಣ ಬಿಟ್ಟರು. ಆಸ್ಟ್ರೇಲಿಯಾದ ಕಾಲ್‌ಗೂರ್ಲಿ, ಕೆನಡಾದ ಟಿಮ್ಮಿನ್ಸ್ ಚಿನ್ನವೂ ಹೀಗೆಯೇ ಹಸಿರು ಪಟ್ಟಿಗಳಲ್ಲಿ, 270ರಿಂದ 250 ಕೋಟಿ ವರ್ಷಗಳ ನಡುವೆಯೇ ಕೂಡಿತು. ಜಗತ್ತಿನ ಹಲವು ಖಂಡಗಳು ಗಟ್ಟಿಯಾದ ಕಾಲವೂ ಅದೇ.

ಉಳಿದದ್ದು ಹೇಗೆ

ಕೂಡಿದರೆ ಸಾಲದು, 250 ಕೋಟಿ ವರ್ಷ ಉಳಿಯಲೂ ಬೇಕು. ಧಾರವಾಡ ಕ್ರೇಟಾನ್ ದಪ್ಪವಾದ, ತಣ್ಣಗಿನ ಬೇರಿನ ಮೇಲೆ ನಿಂತು ಗಟ್ಟಿಯಾದ ಮೇಲೆ ಅದನ್ನು ಬುಡಮೇಲು ಮಾಡುವಂಥ ಮಡಿಕೆ ಅದರ ನಡುಭಾಗದಲ್ಲಿ ಮತ್ತೆ ಆಗಲಿಲ್ಲ. ಆದರೆ ಇಡೀ ತೊಗಟೆ ಉತ್ತರಕ್ಕೆ ವಾಲಿದೆ. ಉತ್ತರದಲ್ಲಿ ಅಂದು ಕಡಿಮೆ ಆಳದಲ್ಲಿದ್ದ ಶಿಲೆಗಳು ಇಂದು ಮೇಲಿವೆ. ದಕ್ಷಿಣಕ್ಕೆ ಹೋದಷ್ಟೂ ಹೆಚ್ಚು ಆಳದ ಶಿಲೆಗಳು ಕಾಣುತ್ತವೆ. ಬಿಳಿಗಿರಿರಂಗನ ಬೆಟ್ಟದ ಚಾರ್ನೊಕೈಟ್ ಶಿಲೆ ಅತಿ ಆಳದ್ದು. ಗದಗ, ಹಟ್ಟಿ, ಕೋಲಾರದಲ್ಲಿ ಚಿನ್ನ ಇಳಿದ ಮಟ್ಟವೇ ಈಗ ಮೇಲೆ ಬಂದಿದೆ. ದಕ್ಷಿಣದ ತುದಿಯಲ್ಲಿ ಆ ಮಟ್ಟವೆಲ್ಲ ಸವೆದು ಕಡಲು ಸೇರಿ, ಚಿನ್ನ ಇರಲಾರದಷ್ಟು ಬಿಸಿಯಾಗಿದ್ದ ಬೇರುಗಳಷ್ಟೇ ಉಳಿದಿವೆ. ಹೀಗೆ ಕರ್ನಾಟಕವನ್ನು ಉತ್ತರದಿಂದ ದಕ್ಷಿಣಕ್ಕೆ ಹಾಯುವುದೆಂದರೆ ಪುರಾತನ ತೊಗಟೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿದಂತೆ.

ಖಂಡ ಗಟ್ಟಿಯಾಗುವಾಗಿನ ಕೊನೆಯ ಶಿಲಾರಸದ ಪಳೆಯುಳಿಕೆಗಳೂ ಇಲ್ಲಿ ಇವೆ. ಗ್ರಾನೈಟ್ ಹರಳುಗಟ್ಟಿದ ಮೇಲೆ ಮಿಕ್ಕ ರಸದಲ್ಲಿ, ಬೇರೆ ಯಾವ ಖನಿಜದಲ್ಲೂ ಜಾಗ ಸಿಗದ ಲಿಥಿಯಂನಂಥ ಧಾತುಗಳು ಉಳಿದು ಪೆಗ್ಮಟೈಟ್ ಆಗುತ್ತವೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಇಂಥ ಲಿಥಿಯಂ ಇರುವುದನ್ನು ಅಣುಖನಿಜ ನಿರ್ದೇಶನಾಲಯ ಗುರುತಿಸಿದೆ; 2021ರಲ್ಲಿ ಪ್ರಕಟವಾದ ಅಂದಾಜು 1,600 ಟನ್. ಮೊಬೈಲ್ ಮತ್ತು ವಿದ್ಯುತ್ ವಾಹನಗಳ ಬ್ಯಾಟರಿಗೆ ಬೇಕಾದ ಲೋಹ ಹುಡುಕಲು ಹೊರಟವರೂ ಕೊನೆಗೆ ಓದಬೇಕಾದದ್ದು ಅದೇ ಹಳೆಯ ಚರಿತ್ರೆಯನ್ನು.

ಅದಿರು ಹುಡುಕುವವರಿಗೆ ಇದರಿಂದ ಒಂದು ಪಾಠವಿದೆ. ಎಲ್ಲಿದೆ ಎಂದು ಕೇಳುವ ಮೊದಲು ಯಾವ ಕಾಲದ ಕಲ್ಲು, ಎಷ್ಟು ಆಳದ ಕಲ್ಲು, ಅದರೊಳಗೆ ದ್ರವ ಯಾವ ದಾರಿ ಹಿಡಿದಿತ್ತು ಎಂದು ಕೇಳಬೇಕು. ಉತ್ತರಗಳು ಬಾವಿ ಕೊರೆದಾಗ ಬಂದ ಕಲ್ಲಿನ ಕಂಬಗಳಲ್ಲಿ, ಹಳೆಯ ಗಣಿಯ ನಕ್ಷೆಗಳಲ್ಲಿ, ಚಿನ್ನ ತೆಗೆದ ಮೇಲೆ ಕೋಲಾರದಲ್ಲಿ ಉಳಿದ ಮೂರು ಕೋಟಿ ಟನ್ನಿಗೂ ಹೆಚ್ಚಿನ ಪುಡಿಕಲ್ಲಿನ ಸೈನೈಡ್ ದಿಬ್ಬಗಳಲ್ಲಿ ಕೂಡ ಇವೆ. ಅವುಗಳನ್ನು ಕಸವೆಂದು ಬಗೆಯದೆ ಕಾಪಾಡಿ ಓದುವುದು ನಮ್ಮ ಹೊಣೆ. ಜನಸಾಮಾನ್ಯರಿಗೂ ಇದರಲ್ಲಿ ಪಾಲಿದೆ. ಆಮ್ಲಜನಕವಿಲ್ಲದ ಕಡಲೂ 1,600 ಡಿಗ್ರಿಯ ಲಾವಾವೂ ಮರಳಿ ಬರುವುದಿಲ್ಲ. ಹಾಗಾಗಿ ನಾವು ತೋಡಿ ತೆಗೆಯುವ ಪ್ರತಿ ಟನ್ ಅದಿರೂ ಬದಲಿಯಿಲ್ಲದ ಆಸ್ತಿ. ಅದನ್ನು ಎಷ್ಟು ತೆಗೆಯಬೇಕು, ಯಾವುದಕ್ಕೆ ಬಳಸಬೇಕು, ಬೆಟ್ಟವನ್ನೂ ಹೊಳೆಯನ್ನೂ ಅಲ್ಲಿ ಬದುಕುವವರನ್ನೂ ಹೇಗೆ ಉಳಿಸಿಕೊಳ್ಳಬೇಕು ಎಂಬ ನಿರ್ಧಾರಗಳನ್ನು ವರ್ಷದ ಆದಾಯದ ಲೆಕ್ಕಕ್ಕೆ ಮಾತ್ರ ಬಿಡಬಾರದು. ಅದು ಕೂಡಿಬರಲು ಹಿಡಿದ ಕಾಲದ ಅರಿವೂ ಆ ಲೆಕ್ಕದಲ್ಲಿ ಸೇರಬೇಕು.